ಮುಟ್ಟು ನಿಂತ ಅವ್ವಗ ಮತ್ತ ರಕ್ತ, ಅಂಡಾಶಯದಾಗ ಗಡ್ಡಿ. ಈ ಈಸ್ಟ್ರೋಜನ್ ಸಂಬಂಧ ಏನ್ರಿ?

ಆಳಂದ_ರೋಡ್
ಎಲ್ಲಾರಿಗೂ ಶರಣ್ರಿ. ನಮ್ಮ ಅವ್ವಗ ಐವತ್ತೆಂಟು. ಮುಟ್ಟು ನಿಂತು ಏಳೆಂಟು ವರ್ಷ ಆಗ್ಯಾವ. ದೀಪಾವಳಿ ಆದಮ್ಯಾಲಿಂದ ಮತ್ತ ರಕ್ತ ಹೋಗ್ಲಿಕತ್ತದ. ಯಾರಿಗೂ ಹೇಳಿರ್ಲಿಲ್ಲ, ನನ್ನ ಹೆಂಡತಿಗೆ ಗೊತ್ತಾಗಿ ಜುಲುಮಿ ಮಾಡಿ ಕಲಬುರಗಿ ದವಾಖಾನಿಗೆ ಕರ್ಕೊಂಡು ಬಂದ್ವಿ. ಸೋನೋಗ್ರಫಿದಾಗ ಎಡಗಡಿ ಅಂಡಾಶಯದಾಗ ಒಂಬತ್ತು ಸೆಂಟಿಮೀಟರ್ ಗಡ್ಡಿ, ಅರ್ಧ ನೀರು ಅರ್ಧ ಗಟ್ಟಿ ಅಂತ ಬರದಾರ. ಗರ್ಭಚೀಲದ ಒಳಪದರ 14 ಮಿ.ಮೀ. ದಪ್ಪ. ರಕ್ತ ತಪಾಸಣಿಯೊಳಗ ಎಸ್ಟ್ರಾಡಿಯೋಲ್, ಅಂದ್ರ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್, ಭಾಳ ಏರ್ಯದ. ಅಂಡಾಶಯದ ಕ್ಯಾನ್ಸರ್ ಗುರುತು ಅಂತ ರಕ್ತದಾಗ ನೋಡೋ ಸಿಎ-125 ಮಾತ್ರ 28, ಅಂದ್ರ ನಾರ್ಮಲ್.

ಡಾಕ್ಟರ್ ಬಾಯಿ ಅಂದ್ರು, "ಈ ಗಡ್ಡಿನೇ ಈಸ್ಟ್ರೋಜನ್ ತಯಾರ್ ಮಾಡ್ಲಿಕತ್ತಿರಬೇಕು, ಅದಕ್ಕೇ ರಕ್ತ" ಅಂತ. ಅವರ ಹಿಂದ ನಲವತ್ತು ಮಂದಿ ಪಾಳಿ ಹಚ್ಚಿದ್ರು, ಮತ್ತ ಕೇಳ್ಲಿಕ್ಕಿ ಧೈರ್ಯ ಆಗ್ಲಿಲ್ಲ. ಈಗ ನನ್ನ ಪ್ರಶ್ನೆ ಇಷ್ಟ: ಈಸ್ಟ್ರೋಜನ್‌ದಿಂದ ಗಡ್ಡಿ ಆಗ್ಯದೋ, ಗಡ್ಡಿಯಿಂದ ಈಸ್ಟ್ರೋಜನ್ ಆಗ್ಯದೋ? ಮೊಬೈಲ್‌ನಾಗ ಒಂದು ಕಡಿ ಹಾರ್ಮೋನ್ ಗುಳಿಗಿ ಕ್ಯಾನ್ಸರ್ ತರ್ತದ ಅಂತದ, ಇನ್ನೊಂದು ಕಡಿ ಅದೇ ಗುಳಿಗಿ ಕ್ಯಾನ್ಸರ್ ತಡೀತದ ಅಂತದ. ಅವ್ವ ಅಂತೂ ಹುಟ್ಟಿದಾಗಿಂದ ಒಂದು ಹಾರ್ಮೋನ್ ಗುಳಿಗಿ ಮುಟ್ಟಿಲ್ಲ.

ಸೇಡಂ_ಸಂಶಯ
ಕೋಳಿಗೆ ಸೂಜಿ ಹೊಡದು ದಪ್ಪ ಮಾಡ್ತಾರ, ಎಮ್ಮಿಗೆ ಸೂಜಿ ಹೊಡದು ಹಾಲು ಕರೀತಾರ. ಆ ಹಾರ್ಮೋನ್ ಎಲ್ಲಾ ನಮ್ಮ ಹೆಣ್ಮಕ್ಕಳ ಹೊಟ್ಟಿಗೇ ಹೋಗ್ತದ. ಇದಕ್ಕ ಬ್ಯಾರೆ ಕಾರಣ ಹುಡುಕೋದು ಯಾಕ?

ಆಳಂದ_ರೋಡ್
ಅಣ್ಣಾ, ನಮ್ಮವ್ವ ಕೋಳಿ ತಿನ್ನಂಗಿಲ್ಲ.

ಬೀದರ್_ಸಿಸ್ಟರ್
ತಮ್ಮಾ, ಮೊದಲು ಕೆಲಸದ ಮಾತು ಹೇಳ್ತೀನಿ. ಮುಟ್ಟು ನಿಂತು ವರ್ಷ ದಾಟಿದ ಮ್ಯಾಲ ಒಂದು ಹನಿ ರಕ್ತ ಕಂಡ್ರೂ ತಪಾಸಣಿ ಆಗಲೇಬೇಕು. ಅಂಥ ವಯಸ್ಸಿನಾಗ ರಕ್ತ ಹೋಗೋರಿಗೆ ಗರ್ಭಚೀಲದ ಒಳಪದರ 4 ಮಿ.ಮೀ. ಒಳಗ ಇದ್ರ ಸಮಾಧಾನ, ನಿಮ್ಮವ್ವಂದು 14. ಹಂಗಾಗಿ ದೊಡ್ಡ ಆಪರೇಷನ್‌ಗಿಂತ ಮುಂಚೆ ಒಳಪದರದ ತುಣುಕು ತಗದು ಬಯಾಪ್ಸಿಗೆ ಕಳಸ್ತಾರ. ಕಳಸಿಲ್ಲ ಅಂದ್ರ ಕೇಳ್ರಿ, ಕೇಳೋದು ನಿಮ್ಮ ಹಕ್ಕು.

ಇನ್ನೊಂದು. ಅಂಡಾಶಯದ ಗಡ್ಡಿಗೆ ಹೊರಗಿಂದ ಸೂಜಿ ಚುಚ್ಚಿ ನೀರು ತಗದು ನೋಡೋಣು ಅಂತ ಯಾರರ ಅಂದ್ರ ಒಪ್ಪಬ್ಯಾಡ್ರಿ, ಮೊದಲು ಕ್ಯಾನ್ಸರ್ ಸರ್ಜನ್ ಹತ್ರ ಕೇಳ್ರಿ. ಒಳಗ ಕ್ಯಾನ್ಸರ್ ಇತ್ತಂದ್ರ ಗಡ್ಡಿ ಒಡದು ಹೊಟ್ಟಿಯೊಳಗ ಚೆಲ್ತದ, ಒಂದೇ ಅಂಡಾಶಯದಾಗ ಇದ್ದ ರೋಗದ ಹಂತ ಅಲ್ಲೇ ಮ್ಯಾಲಕ್ಕ ಏರ್ತದ. ಇಡೀ ಗಡ್ಡಿ ಹಂಗೇ ತಗೀಬೇಕು.

ಸಂಶಯ ಅಣ್ಣಾ, ಬ್ರಾಯ್ಲರ್ ಕೋಳಿ ದಪ್ಪ ಆಗೋದು ತಳಿಯಿಂದ ಮತ್ತ ಮೇವಿನಿಂದ. ಎಮ್ಮಿಗೆ ಹೊಡೆಯೋ ಸೂಜಿ ಆಕ್ಸಿಟೋಸಿನ್, ಅದು ಈಸ್ಟ್ರೋಜನ್ ಅಲ್ಲ. ಹೊಡೆಯೋದು ತಪ್ಪು ಖರೆ, ಆದ್ರ ಆ ತಪ್ಪಿಗೂ ಅಂಡಾಶಯದ ಗಡ್ಡಿಗೂ ಗಂಟು ಹಾಕಬ್ಯಾಡ್ರಿ.

ಸ್ಲೈಡ್_ಮಾಸ್ತರ
ಆಳಂದ ರೋಡ್ ಅವರೆ, ಕೋಳಿಯೋ ಮೊಟ್ಟೆಯೋ ಎಂಬ ಹಾಗಿರುವ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಆದರೆ ಅದು ಗಡ್ಡೆಯ ಜಾತಿ ನೋಡಿ ಬದಲಾಗುತ್ತದೆ. ಇಂಟರ್ನೆಟ್ಟಿನಲ್ಲಿ ನಿಮಗೆ ಎರಡು ತದ್ವಿರುದ್ಧ ಉತ್ತರ ಸಿಕ್ಕಿದ್ದು ಎಲ್ಲ ಗಡ್ಡೆಗಳನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದ. ನಾನು ಪ್ಯಾಥಾಲಜಿ ಪಾಠ ಹೇಳಿ ನಿವೃತ್ತನಾದವನು. ನಿಮ್ಮ ತಾಯಿಯನ್ನು ನೋಡಿಲ್ಲ, ಹಾಗಾಗಿ ರೋಗನಿರ್ಣಯ ಮಾಡುವುದಿಲ್ಲ. ನಿಮ್ಮ ಡಾಕ್ಟರ್ ಯಾಕೆ ಹಾಗಂದರು ಎಂಬುದನ್ನಷ್ಟೇ ಬಿಡಿಸುತ್ತೇನೆ.

ಅಂಡಾಶಯದಲ್ಲಿ ಪ್ರತಿ ಅಂಡಾಣುವಿನ ಸುತ್ತ ಗ್ರಾನ್ಯುಲೋಸಾ ಎಂಬ ಜೀವಕೋಶಗಳ ಪದರ ಇರುತ್ತದೆ, ಅದರ ಹೊರಗೆ ಥೀಕಾ ಎಂಬ ಇನ್ನೊಂದು ಪದರ. ಥೀಕಾ ಕೋಶಗಳು ಕೊಲೆಸ್ಟರಾಲ್‌ನಿಂದ ಮೊದಲು ಗಂಡು ಹಾರ್ಮೋನು ತಯಾರಿಸುತ್ತವೆ. ಗ್ರಾನ್ಯುಲೋಸಾ ಕೋಶಗಳಲ್ಲಿ ಅರೋಮಟೇಸ್ ಎಂಬ ಕಿಣ್ವ ಇದೆ, ಅದು ಆ ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಬಂದು ಆ ಕೆಲಸ ಮಾಡಿಸುತ್ತದೆ. ಮುಟ್ಟು ನಿಲ್ಲುವುದೆಂದರೆ ಅಂಡಾಣುಗಳ ದಾಸ್ತಾನು ಮುಗಿಯುವುದು. ಅದರ ಜೊತೆಗೇ ಗ್ರಾನ್ಯುಲೋಸಾ ಪದರವೂ ಹೋಗುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಎಫ್‌ಎಸ್‌ಎಚ್ ಏರುತ್ತದೆ.

ಈಗ ಐವತ್ತೆಂಟರ ಹೆಣ್ಣುಮಗಳಲ್ಲಿ ಎಸ್ಟ್ರಾಡಿಯೋಲ್ ಏರಿದೆ ಎಂದರೆ ಅದು ಎಲ್ಲಿಂದ ಬಂತು? ಹೊರಗಿನ ಗುಳಿಗೆ ಇಲ್ಲ. ಹಾಗಾದರೆ ಗ್ರಾನ್ಯುಲೋಸಾ ಕೋಶದ ಗಡ್ಡೆ ಎಂಬ ಅನುಮಾನ ಮೊದಲು ಬರುತ್ತದೆ. ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಎರಡರಿಂದ ಐದು ಮಾತ್ರ, ಅಪರೂಪದ್ದೇ. ಇಲ್ಲಿ ಗಡ್ಡೆಯೇ ಈಸ್ಟ್ರೋಜನ್ ಕಾರ್ಖಾನೆ. ಆ ಈಸ್ಟ್ರೋಜನ್ ಗರ್ಭಚೀಲದ ಒಳಪದರವನ್ನು ಎಡೆಬಿಡದೆ ಬೆಳೆಸುತ್ತದೆ. ತಡೆಯಲು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನು ಇರುವುದಿಲ್ಲ. ದಪ್ಪವಾದ ಪದರ ಉದುರಿದಾಗ ರಕ್ತ. ಇಂಥವರಲ್ಲಿ ಕೆಲವರಿಗೆ ಗರ್ಭಚೀಲದ ಒಳಪದರದಲ್ಲೂ ಕ್ಯಾನ್ಸರ್ ಶುರುವಾಗಿರುತ್ತದೆ, ಸಿಸ್ಟರ್ ಬಯಾಪ್ಸಿ ಅಂದದ್ದು ಅದಕ್ಕೇ.

ಎಫ್‌ಎಸ್‌ಎಚ್ ಮತ್ತು ಇನ್‌ಹಿಬಿನ್ ಮಾಡಿಸಿದ್ದಾರಾ ಕೇಳಿ. ಈ ಗಡ್ಡೆ ಇನ್‌ಹಿಬಿನ್ ಎಂಬ ಇನ್ನೊಂದು ಹಾರ್ಮೋನನ್ನೂ ಸುರಿಸುತ್ತದೆ, ಅದು ಎಫ್‌ಎಸ್‌ಎಚ್ ಅನ್ನು ತುಳಿದಿಡುತ್ತದೆ. ಮುಟ್ಟು ನಿಂತವರಲ್ಲಿ ಎಫ್‌ಎಸ್‌ಎಚ್ ಮೇಲಿರಬೇಕು. ಕೆಳಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಸಿಎ-125 ನಾರ್ಮಲ್ ಬಂದದ್ದಕ್ಕೆ ಆಶ್ಚರ್ಯ ಬೇಡ, ಅದು ಬೇರೆ ಜಾತಿಯ ಗಡ್ಡೆಯ ಗುರುತು.

ಗಡ್ಡೆ ಯಾಕಾಯಿತು ಎಂಬುದಕ್ಕೆ 2009ರಲ್ಲಿ ಉತ್ತರ ಸಿಕ್ಕಿತು. ದೊಡ್ಡವರಲ್ಲಿ ಬರುವ ಈ ಗಡ್ಡೆಗಳಲ್ಲಿ ಹೆಚ್ಚೂಕಡಿಮೆ ಎಲ್ಲದರಲ್ಲೂ ಫಾಕ್ಸ್‌ಎಲ್2 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅದು ತಾಯಿ ತಂದೆಯಿಂದ ಬಂದದ್ದಲ್ಲ, ಆ ಕೋಶದಲ್ಲಿ ಮಾತ್ರ ಆದ ಬದಲಾವಣೆ. ನಿಮ್ಮ ತಾಯಿ ಏನು ತಿಂದರು, ಏನು ಬಿಟ್ಟರು ಎಂದು ಮನೆಯಲ್ಲಿ ಲೆಕ್ಕ ಹಾಕುವುದನ್ನು ನಿಲ್ಲಿಸಿ.

ಆಳಂದ_ರೋಡ್
ಸರ್, ನಿಮ್ಮ ಕಡೀ ಮಾತು ನನ್ನ ಹೆಂಡತಿಗೆ ಓದಿ ಹೇಳ್ದೆ. ಆಕಿ ಅವ್ವಗ ಹೇಳ್ಯಾಳ. ನಮ್ಮ ಮನ್ಯಾಗ ಬದನಿಕಾಯಿ, ಉಪ್ಪಿನಕಾಯಿ ಎಲ್ಲಾ ಬಂದ್ ಮಾಡಿದ್ರು, ಇವತ್ತಿಂದ ಚಾಲೂ.

ಅಫಜಲಪುರ_ಆಶಾ
ನಾ ಆಶಾ ಕಾರ್ಯಕರ್ತಿ ಇದ್ದೀನ್ರಿ. ನನ್ನ ಚೀಲದಾಗ ಬಸಿರು ತಡಿಯೋ ಗುಳಿಗಿ ಮಾಲಾ-ಎನ್ ಇರ್ತದ, ಛಾಯಾ ಇರ್ತದ. ಈಗ ಊರಾಗ ಹೆಣ್ಮಕ್ಕಳು ಕೇಳ್ತಾರ, "ಅಕ್ಕಾ, ಇದ್ರಾಗ ಈಸ್ಟ್ರೋಜನ್ ಅದಂತ, ಗಡ್ಡಿ ಆಗ್ತದಂತ." ಏನ್ ಹೇಳ್ಲಿ?

ಶಹಾಪುರ_ಫಾರ್ಮಾ
ಮಾಲಾ-ಎನ್ ಗುಳಿಗಿಯೊಳಗ ಎಥಿನೈಲ್ ಎಸ್ಟ್ರಾಡಿಯೋಲ್ 0.03 ಮಿ.ಗ್ರಾಂ. ಮತ್ತ ಲೆವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ. ಅಂದ್ರ ಈಸ್ಟ್ರೋಜನ್ ಅದ, ಜೊತಿಗಿ ಪ್ರೊಜೆಸ್ಟರಾನ್ ಥರದ್ದೂ ಅದ. ಛಾಯಾ ಬ್ಯಾರೆ. ಅದು ಲಖನೌದ ಸಿಡಿಆರ್‌ಐದವರು ಕಂಡುಹಿಡದ ಆರ್ಮೆಲಾಕ್ಸಿಫೀನ್, ಮೊದಲು ಸಹೇಲಿ ಅಂತ ಮಾರಾಟಕ್ಕ ಬಂತು. ಅದು ಹಾರ್ಮೋನ್ ಅಲ್ಲ, ಈಸ್ಟ್ರೋಜನ್ ಕೂಡೋ ಜಾಗಾದಾಗ ತಾನು ಹೋಗಿ ಕೂಡ್ತದ. ಕೆಲವು ಅಂಗದಾಗ ಈಸ್ಟ್ರೋಜನ್ ಕೆಲಸ ತಡೀತದ, ಕೆಲವು ಅಂಗದಾಗ ಸ್ವಲ್ಪ ಅದರಂಗೇ ನಡ್ಕೊಳ್ತದ. ಅಂಡಾಶಯದಾಗ ನೀರುಗುಳ್ಳಿ, ಪಿಸಿಓಎಸ್ ಇದ್ದೋರಿಗೆ ಛಾಯಾ ಕೊಡಬಾರ್ದು, ಇದನ್ನ ಚೀಲದ ಮ್ಯಾಲ ಬರಕೊಂಡು ಇಟ್ಕೊರಿ ಅಕ್ಕಾ.

ಸ್ಲೈಡ್_ಮಾಸ್ತರ
ಆಶಾ ತಾಯಿ, ನಿಮ್ಮ ಪ್ರಶ್ನೆ ಎಲ್ಲಕ್ಕಿಂತ ಮುಖ್ಯದ್ದು. ಉತ್ತರ ನೇರವಾಗಿ ಹೇಳುತ್ತೇನೆ: ಮಾಲಾ-ಎನ್ ಥರದ ಗುಳಿಗೆ ಅಂಡಾಶಯದ ಕ್ಯಾನ್ಸರ್ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ. 2008ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ 45 ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ ಬಂತು, ಅಂಡಾಶಯದ ಕ್ಯಾನ್ಸರ್ ಇದ್ದ 23 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ಅದರಲ್ಲಿತ್ತು. ಪ್ರತಿ ಐದು ವರ್ಷದ ಬಳಕೆಗೆ ಸಾಧ್ಯತೆ ಸುಮಾರು ಐದನೇ ಒಂದು ಭಾಗ ಇಳಿಯುತ್ತದೆ. ಗುಳಿಗೆ ಬಿಟ್ಟ ಮೇಲೂ ಮೂವತ್ತು ವರ್ಷದ ತನಕ ಆ ರಕ್ಷಣೆ ಅಷ್ಟಿಷ್ಟು ಉಳಿಯುತ್ತದೆ.

ಈಸ್ಟ್ರೋಜನ್ ಇದ್ದೂ ಹೇಗೆ ಎಂದರೆ, ಗುಳಿಗೆ ಅಂಡಾಣು ಬಿಡುಗಡೆಯನ್ನೇ ನಿಲ್ಲಿಸುತ್ತದೆ. 1971ರಲ್ಲಿ ಈಜಿಪ್ಟಿನ ವೈದ್ಯ ಫತಲ್ಲಾ ಒಂದು ವಿಚಾರ ಮುಂದಿಟ್ಟರು: ಪ್ರತಿ ತಿಂಗಳೂ ಅಂಡಾಶಯದ ಮೇಲ್ಪದರ ಹರಿದು ಮತ್ತೆ ಕೂಡುತ್ತದೆ, ಈ ಹರಿದು ಕೂಡುವ ಕೆಲಸ ವರ್ಷಗಟ್ಟಲೆ ನಡೆದರೆ ಎಲ್ಲೋ ಒಂದು ಕಡೆ ತಪ್ಪುತ್ತದೆ. ಬಸಿರು, ಮೊಲೆಯೂಡಿಸುವುದು, ಗುಳಿಗೆ ಮೂರೂ ಆ ಕೆಲಸಕ್ಕೆ ಬಿಡುವು ಕೊಡುತ್ತವೆ, ಮೂರೂ ಸಾಧ್ಯತೆ ಇಳಿಸುತ್ತವೆ. ಈಗ ಆ ವಿಚಾರಕ್ಕೆ ತಿದ್ದುಪಡಿ ಆಗಿದೆ. ಹೆಚ್ಚು ಅಪಾಯದ ಸೀರಸ್ ಎಂಬ ಜಾತಿಯ ಕ್ಯಾನ್ಸರ್ ಅನೇಕ ಸಲ ಅಂಡನಾಳದ ತುದಿಯಲ್ಲಿ ಹುಟ್ಟಿ ಅಂಡಾಶಯಕ್ಕೆ ಬರುತ್ತದೆ ಎಂದು ಗೊತ್ತಾಗಿದೆ. ಅಂಡಾಣು ಸಿಡಿದಾಗ ಹೊರಬರುವ ದ್ರವದಲ್ಲಿ ಈಸ್ಟ್ರೋಜನ್ ತುಂಬಿರುತ್ತದೆ, ಅದು ಆ ತುದಿಯನ್ನು ತಿಂಗಳು ತಿಂಗಳೂ ತೋಯಿಸುತ್ತದೆ. ಅಂಡಾಣು ಬಿಡುಗಡೆ ಕಡಿಮೆಯಾದಷ್ಟೂ ಸಾಧ್ಯತೆ ಕಡಿಮೆ ಎಂಬ ಲೆಕ್ಕ ಮಾತ್ರ ಬದಲಾಗಿಲ್ಲ. ಇನ್ನು ನಮ್ಮ ಕಡೆ ಹೆಣ್ಣುಮಕ್ಕಳು ಎರಡು ಮಕ್ಕಳಾದ ಮೇಲೆ ಮಾಡಿಸಿಕೊಳ್ಳುವ ಆಪರೇಷನ್, ನಾಳ ಕಟ್ಟುವುದು, ಅದೂ ಈ ಕ್ಯಾನ್ಸರ್ ಸಾಧ್ಯತೆಯನ್ನು ಕಾಲು ಭಾಗದಷ್ಟು ಇಳಿಸುತ್ತದೆ. ಇದನ್ನು ಯಾರೂ ಊರಲ್ಲಿ ಹೇಳುವುದಿಲ್ಲ.

ಗುಳಿಗೆ ಎಲ್ಲರಿಗೂ ಅಲ್ಲ, ಬಿ.ಪಿ. ಇದ್ದವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಕೊಡುವಂತಿಲ್ಲ, ನಿಮಗೆ ಟ್ರೇನಿಂಗ್‌ನಲ್ಲಿ ಹೇಳಿರುತ್ತಾರೆ.

ಸೇಡಂ_ಸಂಶಯ
ಹಂಗಾದ್ರ ಈಸ್ಟ್ರೋಜನ್ ಒಳ್ಳೇದು ಅಂತೀರೇನ್ ಮಾಸ್ತರ? ಮುಟ್ಟು ನಿಂತ ಮ್ಯಾಲ ದೊಡ್ಡ ಊರಾಗಿನ ಬಾಯಂದ್ರು ಹಾರ್ಮೋನ್ ತಗೋತಾರಲ್ಲ, ಅದು?

ಸ್ಲೈಡ್_ಮಾಸ್ತರ
ಒಳ್ಳೆಯದು ಕೆಟ್ಟದ್ದು ಎಂದು ಒಂದೇ ಚೀಟಿ ಅಂಟಿಸಬೇಡಿ. ಮುಟ್ಟು ನಿಂತ ಮೇಲಿನ ಹಾರ್ಮೋನ್ ಚಿಕಿತ್ಸೆಯ ಲೆಕ್ಕ ಬೇರೆಯೇ. 2015ರಲ್ಲಿ ಅದೇ ಲಾನ್ಸೆಟ್‌ನಲ್ಲಿ 52 ಅಧ್ಯಯನಗಳ ಒಟ್ಟು ವರದಿ ಬಂತು. ಐವತ್ತರ ಆಸುಪಾಸಿನಲ್ಲಿ ಶುರುಮಾಡಿ ಐದು ವರ್ಷ ತೆಗೆದುಕೊಂಡರೆ, ಸಾವಿರ ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಹೆಚ್ಚುವರಿಯಾಗಿ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಸಾವಿರಕ್ಕೆ ಒಂದು. ಹೆದರಿ ಓಡುವ ಸಂಖ್ಯೆ ಅಲ್ಲ, ಮರೆತುಬಿಡುವ ಸಂಖ್ಯೆಯೂ ಅಲ್ಲ. ಹೆಚ್ಚಳ ಕಂಡದ್ದು ಸೀರಸ್ ಮತ್ತು ಎಂಡೊಮೆಟ್ರಿಯಾಯ್ಡ್ ಎಂಬ ಎರಡು ಜಾತಿಗಳಲ್ಲಿ ಮಾತ್ರ, ಮ್ಯೂಸಿನಸ್ ಜಾತಿಯಲ್ಲಿ ಇಲ್ಲ. ಮತ್ತೆ ಜಾತಿಗೇ ಬಂದು ನಿಂತೆವು ನೋಡಿ.

ಈಸ್ಟ್ರೋಜನ್ ಕೆಲಸ ಮಾಡುವ ರೀತಿ ಹೀಗೆ: ಅದು ಕೋಶದೊಳಗೆ ಹೋಗಿ ತನ್ನ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಆ ಜೋಡಿ ಡಿಎನ್‌ಎ ಮೇಲೆ ಕುಳಿತು, ಕೋಶ ಒಡೆದು ಎರಡಾಗಲು ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಗ್ರಾಹಕ ಎರಡು ಬಗೆ. ಆಲ್ಫಾ ಬೆಳೆಸುತ್ತದೆ. ಬೀಟಾ ಗೊತ್ತಾದದ್ದು 1996ರಲ್ಲಿ, ಅದು ಬಹುಮಟ್ಟಿಗೆ ಆಲ್ಫಾಗೆ ಕಡಿವಾಣ. ಆರೋಗ್ಯವಂತ ಅಂಡಾಶಯದಲ್ಲಿ ಬೀಟಾ ಹೇರಳ. ಅಂಡಾಶಯದ ಹೊರಪದರದ ಕ್ಯಾನ್ಸರ್ ಬಲಿಯುತ್ತಾ ಹೋದಂತೆ ಬೀಟಾ ಇಳಿಯುತ್ತದೆ, ಆಲ್ಫಾ ಉಳಿಯುತ್ತದೆ.

ಚಿತ್ತಾಪುರ_ವೈನಿ
ನಾ ಇಷ್ಟು ದಿನ ಬರೇ ಓದ್ತಿದ್ದೆ. ಈ ಗ್ರಾಹಕದ ಮಾತು ಬಂತಂತ ಬರೀಲಿಕತ್ತೀನಿ. ನನ್ನ ರಿಪೋರ್ಟ್‌ನಾಗ "ಲೋ ಗ್ರೇಡ್ ಸೀರಸ್, ಈಆರ್ ಪಾಸಿಟಿವ್" ಅಂತ ಇತ್ತು, ಅಂದ್ರ ಗಡ್ಡಿಯೊಳಗ ಈಸ್ಟ್ರೋಜನ್ ಗ್ರಾಹಕ ಅದ ಅಂತ. ಅಂಡಾಶಯ ಎರಡೂ, ಗರ್ಭಚೀಲ, ಹೊಟ್ಟಿಯೊಳಗಿನ ಕೊಬ್ಬಿನ ಪರದೆ ಎಲ್ಲಾ ತಗದಾರ. ಕೀಮೋ ಆದ ಮ್ಯಾಲ ಈಗ ದಿನಕ್ಕೊಂದು ಲೆಟ್ರೊಜೋಲ್ 2.5 ಗುಳಿಗಿ. ಅರೋಮಟೇಸ್ ಬಂದ್ ಮಾಡ್ತದಂತ, ಅಂದ್ರ ಕೊಬ್ಬಿನಾಗ ತಯಾರಾಗೋ ಈಸ್ಟ್ರೋಜನ್ ಸುದ್ದಾ ಆಗಂಗಿಲ್ಲ.

ಮುಂಜಾನಿ ಏಳೋದ್ರಾಗ ಬೆರಳು, ಮೊಣಕಾಲು ಎಲ್ಲಾ ಬಿಗದಿರ್ತಾವ. ರೊಟ್ಟಿ ಬಡೀಲಿಕ್ಕಿ ಕೈ ಬರಂಗಿಲ್ಲ, ಒಂದು ತಾಸು ಆದ ಮ್ಯಾಲ ಸಡಿಲ ಆಗ್ತದ. ನಮ್ಮ ಅತ್ತಿಯವರು ಮೊದಲು "ಸೋಮಾರಿ ಆಗ್ಯಾಳ" ಅಂತಿದ್ರು. ಈಗ ಅವರೇ ಹಿಟ್ಟು ನಾದಿ ಇಡ್ತಾರ. ಎಲುಬು ಸವೀತಾವ ಅಂತ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಾರ, ಎಲುಬಿನ ಗಟ್ಟಿತನ ನೋಡೋ ಡೆಕ್ಸಾ ಸ್ಕ್ಯಾನ್‌ಗೆ ಹೈದರಾಬಾದ್‌ಗೆ ಹೋಗ್ತೀನಿ.

ನನಗ ಒಂದೇ ಗೊತ್ತಾಗಬೇಕಿತ್ತು. ನನ್ನ ಪಕ್ಕದ ಬೆಡ್‌ನಾಕಿಗೂ ಅಂಡಾಶಯದ ಕ್ಯಾನ್ಸರೇ, ಆಕಿದೂ ಈಆರ್ ಪಾಸಿಟಿವ್. ಆಕಿಗೆ ಈ ಗುಳಿಗಿ ಕೊಡ್ಲಿಲ್ಲ. ಯಾಕ?

ಸ್ಲೈಡ್_ಮಾಸ್ತರ
ವೈನಿ, ನಿಮ್ಮ ಪಕ್ಕದವರದು ಬಹುಶಃ ಹೈ ಗ್ರೇಡ್ ಸೀರಸ್ ಇರಬೇಕು, ಎಲ್ಲಕ್ಕಿಂತ ಹೆಚ್ಚು ಕಾಣುವುದು ಅದೇ. ಅಲ್ಲೂ ಆಲ್ಫಾ ಗ್ರಾಹಕ ಅನೇಕರಲ್ಲಿ ಇರುತ್ತದೆ, ಆದರೆ ಗ್ರಾಹಕ ಇರುವುದು ಬೇರೆ, ಗಡ್ಡೆ ಅದನ್ನು ನೆಚ್ಚಿ ಬದುಕುವುದು ಬೇರೆ. ಹೈ ಗ್ರೇಡ್‌ನಲ್ಲಿ ಟಿಪಿ53 ಎಂಬ ಕಾವಲು ಜೀನ್ ಹೆಚ್ಚೂಕಡಿಮೆ ಎಲ್ಲರಲ್ಲೂ ಕೆಟ್ಟಿರುತ್ತದೆ, ಕೆಲವರಲ್ಲಿ ಡಿಎನ್‌ಎ ರಿಪೇರಿ ಮಾಡುವ ಬಿಆರ್‌ಸಿಎ ಜೀನೂ ಕೆಟ್ಟಿರುತ್ತದೆ. ಗಡ್ಡೆ ಓಡುವುದು ಆ ಬಲದಿಂದ. ಈಸ್ಟ್ರೋಜನ್ ಕಿತ್ತುಕೊಂಡರೆ ಅದಕ್ಕೆ ಹೆಚ್ಚೇನೂ ತಟ್ಟುವುದಿಲ್ಲ. ಅವರಿಗೆ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟಾಕ್ಸೆಲ್ ಎಂಬ ಕೀಮೋ ಔಷಧಿಗಳು ಚೆನ್ನಾಗಿ ನಾಟುತ್ತವೆ, ಬಿಆರ್‌ಸಿಎ ಕೆಟ್ಟಿದ್ದರೆ ಒಲಾಪರಿಬ್ ಥರದ ಗುಳಿಗೆ.

ನಿಮ್ಮದು ನಿಧಾನ ಬೆಳೆಯುವ ಜಾತಿ. ನಿಧಾನ ಬೆಳೆಯುವುದಕ್ಕೇ ಕೀಮೋ ಅಷ್ಟು ನಾಟುವುದಿಲ್ಲ, ಈಸ್ಟ್ರೋಜನ್ ಮೇಲಿನ ಅವಲಂಬನೆ ಹೆಚ್ಚು. ಅಮೆರಿಕದ ಹ್ಯೂಸ್ಟನ್‌ನಿಂದ 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಕೀಮೋ ನಂತರ ಹಾರ್ಮೋನ್ ತಡೆಯುವ ಗುಳಿಗೆ ತೆಗೆದುಕೊಂಡವರಲ್ಲಿ ರೋಗ ಮರಳುವ ತನಕದ ನಡು ಅವಧಿ ಸುಮಾರು 65 ತಿಂಗಳು, ತೆಗೆದುಕೊಳ್ಳದವರಲ್ಲಿ 26. ಹಳೆಯ ಕಡತ ತೆಗೆದು ನೋಡಿದ ಅಧ್ಯಯನ ಅದು, ಚೀಟಿ ಎತ್ತಿ ಎರಡು ಗುಂಪು ಮಾಡಿದ್ದಲ್ಲ, ಹಾಗಾಗಿ ಕೊನೆಯ ಮಾತು ಅಂತ ಹೇಳಲಾರೆ. ಆದರೂ ಅಂತರ ಸಣ್ಣದಲ್ಲ. ಕೈ ಬಿಗಿಯುತ್ತದೆ ಎಂದು ಗುಳಿಗೆ ನೀವಾಗೇ ಬಿಡಬೇಡಿ. ಅದೇ ಗುಂಪಿನ ಬೇರೆ ಗುಳಿಗೆಗೆ ಬದಲಿಸಿದರೆ ಕೆಲವರಿಗೆ ಸಡಿಲಾಗುತ್ತದೆ, ಡಾಕ್ಟರನ್ನು ಕೇಳಿ.

ಚಿತ್ತಾಪುರ_ವೈನಿ
ಬಿಡಂಗಿಲ್ರಿ ಸರ್. ಕೇಳ್ತೀನಿ.

ನಿರ್ವಾಹಕ
ಇಲ್ಲಿ ಯಾರೋ ರಿಪೋರ್ಟ್ ಫೋಟೋ ಹಾಕಿದ್ದರು, ಅದರಲ್ಲಿ ಹೆಸರು, ಫೋನ್ ನಂಬರ್ ಎಲ್ಲ ಕಾಣುತ್ತಿತ್ತು. ತೆಗೆದಿದ್ದೇನೆ. ಸಂಖ್ಯೆಗಳನ್ನು ಮಾತ್ರ ಬರೆಯಿರಿ.

ಯಾದಗಿರಿ_ಪಾಟೀಲ
ಆ ಫೋಟೋ ನಂದು, ನನ್ನ ತಂಗಿದು. ಮೂವತ್ನಾಲ್ಕು ವರ್ಷ. ಬಿಳಿ ಸೆರಗು, ಟೊಂಕ ನೋವು ಅಂತ ಹೋಗಿದ್ಲು. ಬಲಗಡಿ ಅಂಡಾಶಯದಾಗ 3.5 ಸೆಂ.ಮೀ. ಸಾದಾ ನೀರುಗುಳ್ಳಿ ಅಂತ ಸ್ಕ್ಯಾನಿಂಗ್. ಒಂದು ಖಾಸಗಿ ದವಾಖಾನಿಯೊಳಗ, "ಈಸ್ಟ್ರೋಜನ್ ಹೆಚ್ಚಾಗಿ ಗಡ್ಡಿ ಆಗ್ಯದ, ಕ್ಯಾನ್ಸರ್ ಆಗ್ತದ, ಚೀಲ ಅಂಡಾಶಯ ಎಲ್ಲಾ ತಗದುಬಿಡೋಣು" ಅಂತ ತಾರೀಖು ಕೊಟ್ಟಾರ. ಈಸ್ಟ್ರೋಜನ್ ತಪಾಸಣಿ ಮಾಡೇ ಇಲ್ಲ. ಸೋಮವಾರ ಭರ್ತಿ ಆಗಬೇಕು.

ಬೀದರ್_ಸಿಸ್ಟರ್
ನಿಲ್ಲಸ್ರಿ. ಸೋಮವಾರ ಭರ್ತಿ ಮಾಡಬ್ಯಾಡ್ರಿ. ಮುಟ್ಟಾಗೋ ವಯಸ್ಸಿನಾಗ ಐದು ಸೆಂ.ಮೀ. ಒಳಗಿನ ಸಾದಾ ನೀರುಗುಳ್ಳಿ ಅಂದ್ರ ಬಹುತೇಕ ಆ ತಿಂಗಳ ಅಂಡಾಣು ಬೆಳದ ಚೀಲನೇ. ಎರಡು ಮೂರು ಮುಟ್ಟಿನೊಳಗ ತಾನೇ ಇಳೀತದ. ಒಳಗ ಗಟ್ಟಿ ಭಾಗ ಇಲ್ಲ, ಗ್ವಾಡಿ ದಪ್ಪ ಇಲ್ಲ, ಹೊಟ್ಟಿಯೊಳಗ ನೀರಿಲ್ಲ ಅಂದ್ರ ಅವಸರ ಯಾಕ? ಬಿಳಿ ಸೆರಗಿಗೆ ಸೋಂಕು ನೋಡಿ ಗುಳಿಗಿ ಕೊಡ್ತಾರ. ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿ ಯಾದಗಿರಿದಾಗೂ ಅದ, ಕಲಬುರಗಿದಾಗೂ ಅದ, ಅಲ್ಲಿ ಎರಡನೇ ಅಭಿಪ್ರಾಯ ತಗೊಂಡು ಬರ್ರಿ.

ನಮ್ಮ ಭಾಗಕ್ಕ ಇದು ಹೊಸಾದಲ್ಲ. 2015ರ ಹೊತ್ತಿಗೆ ಕಲಬುರಗಿ ಜಿಲ್ಲಾ ತಾಂಡಾದ ಹೆಣ್ಮಕ್ಕಳ ಗರ್ಭಚೀಲ ಸುಮ್ಮಸುಮ್ಮನ ತಗದಾರ ಅಂತ ಪೇಪರ್‌ನಾಗ ಎಷ್ಟು ಗದ್ದಲ ಆತು, ಎಲ್ಲಾರಿಗೂ ನೆನಪದ. ಮೂವತ್ತು ದಾಟಿರದ ಹುಡುಗ್ಯಾರು ಇದ್ರು ಅದ್ರಾಗ. 2023ರ ಏಪ್ರಿಲ್‌ದಾಗ ಸುಪ್ರೀಂ ಕೋರ್ಟ್ ಸುದ್ದಾ ಅನವಶ್ಯಕ ಗರ್ಭಚೀಲ ಆಪರೇಷನ್ ತಡಿಯೋ ಮಾರ್ಗಸೂಚಿ ಮೂರು ತಿಂಗಳೊಳಗ ಜಾರಿ ಮಾಡ್ರಿ ಅಂತ ಎಲ್ಲಾ ರಾಜ್ಯಕ್ಕೂ ಹೇಳ್ಯದ.

ಸ್ಲೈಡ್_ಮಾಸ್ತರ
ಸಿಸ್ಟರ್ ಮಾತಿಗೆ ನನ್ನದೂ ಒಂದು ಗಟ್ಟಿ ಒತ್ತು. ಇಲ್ಲಿ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. "ಈಸ್ಟ್ರೋಜನ್ ಹೆಚ್ಚಾಗಿದೆ" ಎಂದು ತಪಾಸಣೆ ಇಲ್ಲದೆ ಹೇಳಿ, ಮೂವತ್ನಾಲ್ಕು ವರ್ಷದವಳ ಎರಡೂ ಅಂಡಾಶಯ ತೆಗೆದರೆ ಅವಳಿಗೆ ಒಂದೇ ರಾತ್ರಿಯಲ್ಲಿ ಈಸ್ಟ್ರೋಜನ್ ಇಲ್ಲದ ಬದುಕು ಶುರು. ಮೈ ಕಾವೇರುವುದು, ನಿದ್ದೆ ಹೋಗುವುದು ಇರಲಿ, ಎಲುಬು ಸವೆತ ಹದಿನೈದು ವರ್ಷ ಮುಂಚೆಯೇ ಬರುತ್ತದೆ. ಹೃದಯದ ಕಾಯಿಲೆಯ ಸಾಧ್ಯತೆ ಏರುತ್ತದೆ. ಐವತ್ತರೊಳಗೆ ಅಂಡಾಶಯ ಕಳೆದುಕೊಂಡು ಬದಲಿ ಹಾರ್ಮೋನ್ ತೆಗೆದುಕೊಳ್ಳದವರಲ್ಲಿ ಅಂಡಾಶಯದ ಕ್ಯಾನ್ಸರ್ ಕಡಿಮೆಯಾದರೂ ಒಟ್ಟು ಸಾವು ಹೆಚ್ಚು ಎಂದು ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನ ತೋರಿಸಿದೆ. ಎಳೆಯರಲ್ಲಿ ಆರೋಗ್ಯವಂತ ಅಂಡಾಶಯ ತೆಗೆಯಲು ನಿಜವಾದ ಕಾರಣ ಬೇಕು. ಬಿಆರ್‌ಸಿಎ1 ಕೆಟ್ಟಿರುವುದು ಪರೀಕ್ಷೆಯಲ್ಲಿ ಗೊತ್ತಾಗಿ ಮಕ್ಕಳಾಗಿದ್ದರೆ 35ರಿಂದ 40ರ ನಡುವೆ ತೆಗೆಯುವುದುಂಟು. ಅದು ಬೇರೆ ಕಥೆ, ಅಲ್ಲಿ ಜೀವಮಾನದ ಸಾಧ್ಯತೆ ನೂರಕ್ಕೆ ನಲವತ್ತರ ಆಸುಪಾಸು.

ಯಾದಗಿರಿ_ಪಾಟೀಲ
ಸೋಮವಾರ ರದ್ದು ಮಾಡಸೀನಿ. ದವಾಖಾನಿದಾಗಿಂದ ಫೋನ್ ಬಂತು, ಅಡ್ವಾನ್ಸ್ ವಾಪಸ್ ಕೊಡಂಗಿಲ್ಲ ಅಂದ್ರು. ಇರ್ಲಿ ಬಿಡ್ರಿ.

ಬೀದರ್_ಸಿಸ್ಟರ್
ಇನ್ನೊಂದು ಮಾತು ಇಲ್ಲೇ ಬರದುಬಿಡ್ತೀನಿ, ಮುಂದ ಓದೋರಿಗೆ ಉಪಯೋಗ. ಹೊಟ್ಟಿಯೊಳಗ ನೀರು, ಸಿಎ-125 ನೂರಾರು, ತೂಕ ಇಳದದ ಅಂದಕೂಡ್ಲೇ ಅಂಡಾಶಯದ ಕ್ಯಾನ್ಸರ್ ಅಂತ ಮನಿಯವರು ಅಳ್ಳಿಕ್ಕಿ ಶುರು ಮಾಡ್ತಾರ. ನಮ್ಮ ಕಡಿ ಹೊಟ್ಟಿ ಟಿಬಿ ಸುದ್ದಾ ಹೂಬಹೂ ಹಂಗೇ ಕಾಣ್ತದ. ನಮ್ಮ ವಾರ್ಡ್‌ಗೆ ಬಂದ ಒಂದು ಕಾಲೇಜ್ ಹುಡುಗಿ ಹಂಗೇ ಇದ್ಲು, ಬಯಾಪ್ಸಿದಾಗ ಟಿಬಿ ಬಂತು, ಆರು ತಿಂಗಳ ಟಿಬಿ ಗುಳಿಗಿಗೆ ಆರಾಮಾದ್ಲು. ಸಿಎ-125 ಮುಟ್ಟಿನಾಗೂ ಏರ್ತದ, ಬಸಿರಿನಾಗೂ ಏರ್ತದ, ಗರ್ಭಚೀಲದ ಪದರದಂಥದ್ದು ಚೀಲದ ಹೊರಗ ಬೆಳಿಯೋ ಎಂಡೊಮೆಟ್ರಿಯೋಸಿಸ್‌ದಾಗೂ ಏರ್ತದ. ಅದಕ್ಕೇ ಲಕ್ಷಣ ಇಲ್ಲದೋರು ಪ್ಯಾಕೇಜ್ ಚೆಕಪ್‌ನಾಗ ಅದನ್ನ ಮಾಡಸಬ್ಯಾಡ್ರಿ. ಬ್ರಿಟನ್‌ದಾಗ ಎರಡು ಲಕ್ಷ ಹೆಂಗಸರ ಮ್ಯಾಲ ವರ್ಷಾನುಗಟ್ಟಲೆ ನೋಡ್ಯಾರ, 2021ರಾಗ ಫಲಿತಾಂಶ ಬಂತು, ಹಂಗ ಹುಡುಕಿದ್ರಿಂದ ಸಾವು ಕಡಿಮಿ ಆಗಿಲ್ಲ.

ಭಾಲ್ಕಿ_ರೈತ
ನಾವು ಸೋಯಾಬೀನ್ ಬೆಳಿಯೋರು. ಸೋಯಾದಾಗ ಈಸ್ಟ್ರೋಜನ್ ಅದ, ಹೆಣ್ಮಕ್ಕಳು ತಿನ್ನಬಾರದು ಅಂತ ವಾಟ್ಸಾಪ್‌ನಾಗ ಓಡ್ಯಾಡ್ಲಿಕತ್ತದ. ಖರೇನಾ?

ಶಹಾಪುರ_ಫಾರ್ಮಾ
ಸೋಯಾದಾಗ ಇರೋದು ಐಸೊಫ್ಲೇವೋನ್. ಗಿಡದ್ದು, ಈಸ್ಟ್ರೋಜನ್ ಥರ ಕಾಣ್ತದ, ಬಲ ಭಾಳ ಕಡಿಮಿ, ಅದೂ ಹೆಚ್ಚಾಗಿ ಮಾಸ್ತರ ಹೇಳಿದ ಬೀಟಾ ಗ್ರಾಹಕಕ್ಕೇ ಅಂಟ್ಕೊಳ್ತದ. ಸೋಯಾ ಊಟದಾಗ ತಿಂದ್ರ ಅಂಡಾಶಯದ ಕ್ಯಾನ್ಸರ್ ಹೆಚ್ಚಾಗ್ತದ ಅಂತ ತೋರಿಸಿದ್ದಿಲ್ಲ. ನೀವು ದಿನಾ ರೊಟ್ಟಿಗೆ ಹಚ್ಚಿಕೊಂಡು ತಿನ್ನೋ ಅಗಸಿ ಹಿಂಡಿಯೊಳಗೂ ಲಿಗ್ನಾನ್ ಅಂತ ಅಂಥದ್ದೇ ಅದ. ತಿನ್ರಿ. ಡಬ್ಬಿಯೊಳಗ ಮಾರೋ ಐಸೊಫ್ಲೇವೋನ್ ಕ್ಯಾಪ್ಸೂಲ್ ಮಾತ್ರ ಬ್ಯಾರೆ ಲೆಕ್ಕ, ಲೆಟ್ರೊಜೋಲ್ ತಗೊಳ್ಳೋರು ಡಾಕ್ಟರಿಗೆ ಕೇಳದಂಗ ತಗೋಬಾರದು.

ಆಳಂದ_ರೋಡ್
ಅವ್ವನ ಆಪರೇಷನ್ ಆತ್ರಿ. ಗಡ್ಡಿ ಒಡೀದಂಗ ಪೂರಾ ತಗದಾರ, ಗರ್ಭಚೀಲ, ಎರಡೂ ಅಂಡಾಶಯ ಸುದ್ದಾ. ಬಯಾಪ್ಸಿ: ಅಡಲ್ಟ್ ಗ್ರಾನ್ಯುಲೋಸಾ ಸೆಲ್ ಟ್ಯೂಮರ್, ಹಂತ 1ಎ. ಗರ್ಭಚೀಲದ ಪದರ ದಪ್ಪ ಆಗ್ಯದ ಅಷ್ಟ, ಕ್ಯಾನ್ಸರ್ ಇಲ್ಲ. ಎಸ್ಟ್ರಾಡಿಯೋಲ್ ಈಗ ಇಳದದ. ಆಯುಷ್ಮಾನ್ ಕಾರ್ಡ್‌ನಾಗ ಆತು. ಕೀಮೋ ಬ್ಯಾಡ ಅಂದಾರ. ಇನ್ನ ಮುಗೀತು ಅಂತ ತಿಳ್ಕೊಬೇಕೇನು? ನಮ್ಮ ಮಾವನವರು ಫೈಲ್ ಬಾವಿಗೆ ಒಗೀರಿ ಅಂತಾರ.

ಸ್ಲೈಡ್_ಮಾಸ್ತರ
ಮೊದಲ ಹಂತದಲ್ಲೇ ಸಿಕ್ಕಿದ್ದು ಒಳ್ಳೆಯ ಸುದ್ದಿ. ಹೆಚ್ಚಿನವರು ಈ ಹಂತದಲ್ಲೇ ಸಿಗುತ್ತಾರೆ, ಗುಣವಾಗುವವರೇ ಬಹುಪಾಲು. ಸ್ವಲ್ಪ ಈಸ್ಟ್ರೋಜನ್ನಿಗೇ ಥ್ಯಾಂಕ್ಸ್ ಹೇಳಬೇಕು, ರಕ್ತ ಹೋಗದಿದ್ದರೆ ಗಡ್ಡೆ ಇನ್ನೂ ಎಷ್ಟು ದಿನ ಸುಮ್ಮನೆ ಬೆಳೆಯುತ್ತಿತ್ತೋ.

ಫೈಲ್ ಮಾತ್ರ ಬಾವಿಗೆ ಎಸೆಯಬೇಡಿ. ಈ ಜಾತಿಯ ಗಡ್ಡೆ ತಡವಾಗಿ ಮರಳುವುದಕ್ಕೆ ಹೆಸರುವಾಸಿ, ಹತ್ತು ವರ್ಷ, ಇಪ್ಪತ್ತು ವರ್ಷ ಬಿಟ್ಟು ಬಂದದ್ದೂ ಇದೆ. ಐದು ವರ್ಷ ದಾಟಿತು, ಇನ್ನು ಬೇಡ ಎನ್ನುವ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ಮೊದಲ ಎರಡು ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಮುಂದೆ ಬದುಕಿರುವ ತನಕ ವರ್ಷಕ್ಕೊಮ್ಮೆ ತೋರಿಸಬೇಕು. ರಕ್ತದಲ್ಲಿ ಇನ್‌ಹಿಬಿನ್ ಬಿ ಅಥವಾ ಗ್ರಾನ್ಯುಲೋಸಾ ಕೋಶಗಳದೇ ಇನ್ನೊಂದು ಹಾರ್ಮೋನು ಎಎಂಎಚ್ ನೋಡುತ್ತಾರೆ, ಎಸ್ಟ್ರಾಡಿಯೋಲ್‌ಗಿಂತ ಅವು ನಂಬಿಕಸ್ಥ, ಯಾಕೆಂದರೆ ಕೆಲವು ಗಡ್ಡೆಗಳು ಈಸ್ಟ್ರೋಜನ್ ಮಾಡದೆಯೂ ಮರಳುತ್ತವೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಕಲಬುರಗಿಯಲ್ಲೇ ಇದೆ, ಪ್ರತಿ ಸಲ ಬೆಂಗಳೂರಿಗೆ ಉದ್ಯಾನ್ ರೈಲು ಹತ್ತಬೇಕಾಗಿಲ್ಲ. ಮೈ ಕಾವು ಎಂದು ಯಾರಾದರೂ ಈಸ್ಟ್ರೋಜನ್ ಗುಳಿಗೆ ಬರೆದುಕೊಟ್ಟರೆ ಮೊದಲು ಈ ರಿಪೋರ್ಟ್ ತೋರಿಸಿ.

ಇನ್ನೊಂದು ಕೆಲಸ ಬಾಕಿ. ನೀವು ಆಪರೇಷನ್ ಆದ ದವಾಖಾನೆಯಿಂದ ಸ್ಲೈಡ್ ಮತ್ತು ಪ್ಯಾರಾಫಿನ್ ಬ್ಲಾಕ್ ಕೇಳಿ ಇಸಿದುಕೊಳ್ಳಿ. ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟಿರುತ್ತಾರೆ. ಲ್ಯಾಬ್‌ಗಳು ಕೆಲವು ವರ್ಷ ಆದ ಮೇಲೆ ವಿಲೇವಾರಿ ಮಾಡುತ್ತವೆ. ಮುಂದೆಂದೋ ಸೊಲ್ಲಾಪುರದಲ್ಲೋ ಹೈದರಾಬಾದ್‌ನಲ್ಲೋ ಹೊಸ ಗಡ್ಡೆ ಕಂಡರೆ ಹೋಲಿಸಿ ನೋಡಲು, ಫಾಕ್ಸ್‌ಎಲ್2 ಪರೀಕ್ಷೆ ಮಾಡಲು ಅದೇ ಬೇಕು. ಬ್ಲಾಕ್ ನಂಬರನ್ನು ಫೈಲಿನ ಮೊದಲ ಪುಟದಲ್ಲಿ ಬರೆದಿಡಿ.

ಆಳಂದ_ರೋಡ್
ಸರ್, ಮೇಣ ಅಂದ್ರ ನಮ್ಮ ಬ್ಯಾಸಗಿಗಿ ಕರಗಂಗಿಲ್ಲೇನ್ರಿ? ನಮ್ಮದು ತಗಡಿನ ಮನಿ, ಮೇ ತಿಂಗಳದಾಗ ನಲವತ್ಮೂರು ನಲವತ್ನಾಲ್ಕು ಆಗ್ತದ.

ಸ್ಲೈಡ್_ಮಾಸ್ತರ
ಆ ಮೇಣ ಕರಗುವುದು ಐವತ್ತಾರು ಅರವತ್ತು ಡಿಗ್ರಿಗೆ. ಮನೆಯೊಳಗೆ ನೆಲದ ಹತ್ತಿರ ಕಪಾಟಿನಲ್ಲಿಟ್ಟರೆ ಏನೂ ಆಗುವುದಿಲ್ಲ. ತಗಡಿನ ಕೆಳಗಿನ ಅಟ್ಟದ ಮೇಲೆ ಇಡಬೇಡಿ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅಂತೂ ಬೇಡವೇ ಬೇಡ. ಫ್ರಿಜ್‌ನಲ್ಲಿ ಫ್ರೀಜರ್ ಬಿಟ್ಟು ಕೆಳಗಿನ ಖಾನೆಯಲ್ಲಿ ಡಬ್ಬಿಯೊಳಗೆ ಇಟ್ಟರೂ ನಡೆಯುತ್ತದೆ.

ಆಳಂದ_ರೋಡ್
ಫ್ರಿಜ್ ನಮ್ಮ ಕಾಕಾನ ಮನ್ಯಾಗ ಅದ. ಕೇಳ್ತೀನಿ, ಏನಿಡ್ಲಿಕತ್ತೀವಿ ಅಂತ ಮಾತ್ರ ಹೇಳಂಗಿಲ್ಲ.